ಅಂಡಾಣು ಕೊಟ್ಟವಳ ಲೆಕ್ಕ ಯಾರ ಬಳಿ ಇದೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ವಂದನೆಗಳು. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯಂತೆ ರಾಜ್ಯ ಮಂಡಳಿಗೆ ತಾವೇ ಪದನಿಮಿತ್ತ ಅಧ್ಯಕ್ಷರು. ದೇಹದ ಹೊರಗೆ ಭ್ರೂಣ ರೂಪಿಸುವ ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ, ಅದೇ ವರ್ಷದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಮೇಲ್ವಿಚಾರಣೆಯೂ ಆ ಮಂಡಳಿಯದೇ. ಆದ್ದರಿಂದ ಈ ಪತ್ರ ತಮಗೆ.

ಬಾಡಿಗೆ ತಾಯಿಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಒಂಬತ್ತು ತಿಂಗಳ ಬಸಿರು ಊರಿಗೆಲ್ಲ ಕಾಣುತ್ತದೆ. ಮಕ್ಕಳಿಲ್ಲದವರ ಚಿಕಿತ್ಸೆಗೆ ತನ್ನ ಅಂಡಾಣು ಕೊಟ್ಟವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಸಹಜವಾಗಿ ತಿಂಗಳಿಗೊಂದು ಅಂಡಾಣು ಪಕ್ವವಾಗುವ ದೇಹಕ್ಕೆ ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚುಮದ್ದು ಕೊಟ್ಟು, ಒಮ್ಮೆಗೇ ಹಲವು ಪಕ್ವವಾಗುವಂತೆ ಮಾಡಿ, ಅರಿವಳಿಕೆಯಲ್ಲಿ ಸೂಜಿಯಿಂದ ಅವನ್ನು ಹೀರಿ ತೆಗೆದ ಮೇಲೆ, ಸಾಮಾನ್ಯವಾಗಿ ಅಂದೇ ಆಕೆಯನ್ನು ಮನೆಗೆ ಕಳಿಸುತ್ತಾರೆ. ಅಂಡಾಶಯದ ಅತಿ ಉದ್ದೀಪನದಿಂದ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ಹೆಪ್ಪುಗಟ್ಟುವುದು, ವಿರಳವಾಗಿ ಪ್ರಾಣಕ್ಕೇ ಎರವಾಗುವುದು, ಇವೆಲ್ಲ ಕಾಣಿಸಿಕೊಳ್ಳುವುದು ಹೆಚ್ಚಾಗಿ ಆ ನಂತರದ ದಿನಗಳಲ್ಲಿ.

ನೆರವಿನ ಸಂತಾನೋತ್ಪತ್ತಿ ಕಾಯ್ದೆಯೇನೋ ಕಟ್ಟುನಿಟ್ಟಾಗಿದೆ. ದಾನಿಗೆ 23ರಿಂದ 35 ವರ್ಷ. ಜೀವಮಾನದಲ್ಲಿ ಒಮ್ಮೆ ಮಾತ್ರ. ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. (ಏಳಕ್ಕೆ ನಿಲ್ಲಿಸು ಎಂದರೆ ಅಂಡಾಶಯ ಕೇಳುತ್ತದೆಯೇ ಎಂಬುದು ಬೇರೆ ಮಾತು.) 12 ತಿಂಗಳ ವಿಮೆಯನ್ನು ಮಗು ಬಯಸುವ ದಂಪತಿಯೇ ಮಾಡಿಸಬೇಕು. ದಾನಿಯ ಗುರುತಿಗೆ ಆಧಾರ್ ಸಂಖ್ಯೆ ಪಡೆಯಬೇಕು. ಆದರೆ ನಮ್ಮ ಚಾಮರಾಜನಗರದ ಗಡಿಗೆ ಅಂಟಿಕೊಂಡಿರುವ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ, ಕಾಯ್ದೆ ಜಾರಿಗೆ ಬಂದ 2022ರಲ್ಲೇ ಬೆಳಕಿಗೆ ಬಂದ ಪ್ರಕರಣದಲ್ಲಿ, 16 ವರ್ಷದ ಬಾಲಕಿಯ ವಯಸ್ಸನ್ನು ನಕಲಿ ಆಧಾರ್ ಕಾರ್ಡಿನಲ್ಲಿ ಏರಿಸಿ, ಒಂದಲ್ಲ ಎರಡಲ್ಲ, ಹಲವು ಬಾರಿ ಆಕೆಯ ಅಂಡಾಣುಗಳನ್ನು ಮಾರಲಾಗಿತ್ತು. ಬಂಧಿತರಲ್ಲಿ ಹೆತ್ತ ತಾಯಿಯೂ ಇದ್ದಳು.

ದಾನ ಎಂಬ ಪದವೇ ಇಲ್ಲಿ ನನ್ನನ್ನು ಕಾಡುತ್ತದೆ. ವೈದ್ಯರಿಗೆ ಶುಲ್ಕವಿದೆ, ಅಂಡಾಣು ಬ್ಯಾಂಕಿಗೆ ಆದಾಯವಿದೆ, ಏಜೆಂಟನಿಗೆ ಕಮಿಷನ್ ಇದೆ. ಮನೆಬಾಡಿಗೆಗೋ ಸಾಲಕ್ಕೋ ಬಂದವಳು ಮಾತ್ರ ಕಾಗದದ ಮೇಲೆ ದಾನಿ. ಕೈಗೆ ಬಂದ ಹಣವನ್ನು ಬಾಯಿಬಿಟ್ಟು ಹೇಳಿದರೆ ಅದು ಮಾರಾಟವೆನಿಸುತ್ತದೆ, ಹಾಗಾಗಿ ತೊಂದರೆಯಾದಾಗಲೂ ಆಕೆ ದೂರು ಕೊಡುವುದಿಲ್ಲ.

ಮಕ್ಕಳಿಲ್ಲದವರ ಸಂಕಟವನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಐವಿಎಫ್ ನಿಲ್ಲಲಿ ಎಂದೂ ಕೇಳುತ್ತಿಲ್ಲ. ಮೊದಲ ಚುಚ್ಚುಮದ್ದಿಗೆ ಮುನ್ನವೇ ದಾನಿಯ ಹೆಸರು ಈ ಚಿಕಿತ್ಸೆಗಳ ರಾಷ್ಟ್ರೀಯ ನೋಂದಣಿಯಲ್ಲಿ ಹಿಂದೆ ಬಂದಿದೆಯೇ ಎಂಬ ತಪಾಸಣೆ ನಡೆಯಲಿ. ವಿಮಾ ಪತ್ರವನ್ನು ಕನ್ನಡದಲ್ಲಿ, ಆಕೆಯ ಕೈಗೇ ಕೊಡಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಬೆಂಗಳೂರಿನ ಕ್ಲಿನಿಕ್ಕುಗಳು ಎಷ್ಟು ಮಹಿಳೆಯರಿಂದ ಅಂಡಾಣು ಪಡೆದವು, ಅವರಲ್ಲಿ ಎಷ್ಟು ಜನ ಮತ್ತೆ ಆಸ್ಪತ್ರೆ ಸೇರಿದರು ಎಂಬ ಅಂಕಿಅಂಶವನ್ನು, ಯಾರ ಹೆಸರೂ ಹೊರಬೀಳದಂತೆ, ಮಂಡಳಿಯು ಪ್ರತಿವರ್ಷ ಸದನದ ಮುಂದಿಡುವಂತೆ ತಾವು ಆದೇಶಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ನಾಗರಿಕಳು