ಮಗಳಿಗೊಂದು ಪತ್ರ: ಒಂಬತ್ತು ತಿಂಗಳು ತುಂಬ್ಲಿ ಪುಟ್ಟಿ

ಪುಟ್ಟಿ,

ರಾತ್ರಿ ಫೋನಲ್ಲಿ ಅಷ್ಟು ಜೋರಾಗಿ ಕೂಗಾಡಬಾರದಿತ್ತು, ಅದಕ್ಕೆ ಸಾರಿ. ಆದ್ರೆ ಹೇಳಿದ ಮಾತು ವಾಪಸ್ ತಗೊಳ್ಳಲ್ಲ. ಮುಂದಿನ ತಿಂಗಳು ಟೂರ್ನಮೆಂಟ್ ಇದೆ, ಕೋಚ್ ಕೇಳಿದ್ರು, ಹೆಸರು ಕೊಟ್ಟೆ ಅಂತ ಎಷ್ಟು ಸಲೀಸಾಗಿ ಹೇಳ್ಬಿಟ್ಟೆ, ಮೊಣಕಾಲಿನ ಆಪರೇಷನ್ ಆಗಿ ಇನ್ನೂ ಆರು ತಿಂಗಳೂ ತುಂಬಿಲ್ಲವಲ್ಲೇ ಅಂತ ನಾನು ಬಾಯಿ ತೆಗೆಯೋದ್ರೊಳಗೆ "ಅಮ್ಮಾ ನಂಗೆ ನೋವೇ ಇಲ್ಲ" ಅಂದು ಕಟ್ ಮಾಡಿದೆ. ಅದಕ್ಕೇ ಬರೀತಿದೀನಿ, ಇಲ್ಲಾದ್ರೂ ಪೂರ್ತಿ ಹೇಳೋಕಾಗತ್ತೆ.

ಬಿದ್ದ ದಿನದ ಕಥೆ ಬೇಡ, ಎಂಆರ್‌ಐ ರಿಪೋರ್ಟ್ ಬಂದ ದಿನದ್ದೂ ಬೇಡ, ಅದೆಲ್ಲ ನಿಂಗೂ ಗೊತ್ತು ನಂಗೂ ಗೊತ್ತು. ನನ್ನ ತಲೇಲಿ ಕೂತಿರೋದು ಬೇರೇನೇ. ಮೊದಲ ಸಲ ಬ್ರೇಸ್ ಬಿಚ್ಚಿ, ಮೊಣಕಾಲಿನ ಅಡಿಗೆ ಟವೆಲ್ ಸುರುಳಿ ಇಟ್ಟು, ಫಿಸಿಯೋ "ಇದನ್ನ ಕೆಳಗೆ ಒತ್ತು, ತೊಡೆ ಬಿಗಿ ಮಾಡು" ಅಂದ್ರಲ್ಲ, ನೆನಪಿದ್ಯಾ? ನೀನು ಹಲ್ಲು ಕಚ್ಕೊಂಡು ತೊಡೆಯನ್ನೇ ದಿಟ್ಟಿಸ್ತಾ ಇದ್ದೆ, ಅದು ಅಲ್ಲಾಡ್ಲೇ ಇಲ್ಲ. ಎಡಗಾಲಲ್ಲಿ ಮಾಡಿದೆ, ಸ್ನಾಯು ಟಕ್ ಅಂತ ಎದ್ದು ನಿಲ್ತು. ಮತ್ತೆ ಬಲಗಾಲು, ಏನೂ ಇಲ್ಲ, ಚಿಪ್ಪಿನ ಮೇಲೆ ಚರ್ಮ ಒಂಚೂರು ಅದುರಿತು ಅಷ್ಟೇ. "ಅಮ್ಮಾ ಇದು ನನ್ ಕಾಲೇ ಅಲ್ಲ" ಅಂದೆ. ಆಪರೇಷನ್ ಥಿಯೇಟರ್ ಹೊರಗೆ ಕೂತಾಗ್ಲೂ ನಂಗೆ ಅಷ್ಟು ಭಯ ಆಗಿರ್ಲಿಲ್ಲ.

ಆಮೇಲೆ ಫಿಸಿಯೋ ನಂಗೆ ಬಿಡಿಸಿ ಹೇಳಿದ್ರು. ಕೀಲಿನೊಳಗೆ ಬಾವು ಇದ್ದಾಗ, ಪೆಟ್ಟು ಬಿದ್ದಾಗ, ಅಲ್ಲಿಂದ ಹೋಗೋ ಸಿಗ್ನಲ್ ನೋಡ್ಕೊಂಡು ನರಮಂಡಲವೇ ತೊಡೆಯ ಮುಂದಿನ ಕ್ವಾಡ್ರಿಸೆಪ್ಸನ್ನ ತಡೆದು ಹಿಡಿಯತ್ತಂತೆ, ನೀನು ಎಷ್ಟೇ ಮನಸ್ಸು ಮಾಡಿದ್ರೂ ಆರ್ಡರ್ ಪೂರ್ತಿ ತಲುಪಲ್ಲ. ಅಂದ್ರೆ ನಿನ್ನ ಸೋಮಾರಿತನ ಅಲ್ಲ, ನಿನ್ನ ಭಯಾನೂ ಅಲ್ಲ. ಮತ್ತೆ ಆ ಸ್ನಾಯು ಕೆಲಸ ಇಲ್ದೆ ಕೂತ್ರೆ ಬೇಗ ಕರಗತ್ತೆ, ಟೇಪ್ ಹಿಡಿದು ಎರಡು ತೊಡೆ ಅಳೆದಾಗ ನಾವೇ ನೋಡಿದ್ವಲ್ಲ. ಕರಗಿದ್ದನ್ನ ವಾಪಸ್ ಕಟ್ಟೋಕೆ ತಿಂಗಳುಗಟ್ಲೆ ಬೇಕು. ನಿನ್ನ ಬಲತೊಡೆ ಇವತ್ತಿಗೂ ಎಡಗಡೆಯಷ್ಟು ಇಲ್ಲ ಪುಟ್ಟಿ, ಹೋದ ಸಲ ಬಂದಾಗ ನೀನು ಸೋಫಾ ಮೇಲೆ ಕಾಲು ಚಾಚಿ ಮಲಗಿದ್ದೆ, ಚಿಪ್ಪಿನ ಮೇಲ್ಗಡೆ ಒಳಮಗ್ಗುಲಲ್ಲಿ ಉಬ್ಬಿರಬೇಕಾದ ಜಾಗ ಇನ್ನೂ ಚಪ್ಪಟೆ ಇತ್ತು. ನೀನು ನೋಡಲ್ಲ, ನಾನು ನೋಡ್ತೀನಿ. ಅದನ್ನ ನೋಡಿದ್ರೆ ಸಾಕು, ಆ ಟವೆಲ್ಲು, ಆ ಅಲ್ಲಾಡದ ತೊಡೆ, ಎಲ್ಲ ಕಣ್ಮುಂದೆ ಬರತ್ತೆ. ಮತ್ತೆ ಅಲ್ಲಿಂದ್ಲೇ ಶುರು ಮಾಡ್ಬೇಕಾದ್ರೆ ನಿನ್ನ ಗತಿ ಏನು ಅನ್ನೋದೇ ನನ್ನ ಚಿಂತೆ. ರಾತ್ರಿ ಕೂಗಿದ್ದು ಕೋಪದಿಂದ ಅಲ್ಲ, ಅದರಿಂದ.

ನೋವಿಲ್ಲ ಅಂದ್ಯಲ್ಲ, ನನ್ನ ಭಯ ಇರೋದೇ ಅಲ್ಲಿ. ಹರಿದ ಎಸಿಎಲ್, ಅಂದ್ರೆ ಮೊಣಕಾಲಿನೊಳಗೆ ತೊಡೆಮೂಳೆನೂ ಕಾಲಮೂಳೆನೂ ಕಟ್ಟಿ ಹಿಡಿಯೋ ಲಿಗಮೆಂಟ್, ಅದರ ಜಾಗಕ್ಕೆ ನಿನ್ನ ತೊಡೆ ಹಿಂಭಾಗದ ಹ್ಯಾಮ್‌ಸ್ಟ್ರಿಂಗಿನ ಟೆಂಡನ್ನೇ (ಸ್ನಾಯುವನ್ನ ಮೂಳೆಗೆ ಕಟ್ಟೋ ಹುರಿ) ತೆಗೆದು ಕೂರಿಸಿದಾರೆ. ಕೂರಿಸಿದ ದಿನ ಅದಕ್ಕೆ ರಕ್ತಸಂಚಾರ ಇರಲ್ಲ. ಕಿತ್ತು ನೆಟ್ಟ ಸಸಿ ಇದ್ದ ಹಾಗೆ, ಮೊದಲು ಬಾಡತ್ತೆ, ಆಮೇಲೆ ಬೇರು ಹಿಡಿಯತ್ತೆ. ಮೊದಲ ಕೆಲವು ವಾರಗಳಲ್ಲಿ ಅದರ ಒಳಗಿನ ಹಳೇ ಜೀವಕೋಶ ಸಾಯತ್ತೆ, ಹೊಸ ರಕ್ತನಾಳ ಬೆಳೀಬೇಕು, ಹೊಸ ಎಳೆಗಳು ಕಟ್ಕೋಬೇಕು, ಎರಡು ಮೂರು ತಿಂಗಳ ಹೊತ್ತಿಗೆ ಅದು ಕೂರಿಸಿದ ದಿನಕ್ಕಿಂತ ದುರ್ಬಲವಾಗಿರತ್ತಂತೆ. ಆ ಹೊತ್ತಿಗೇ ಬಾವು ಇಳಿದಿರತ್ತೆ, ನೋವು ಹೋಗಿರತ್ತೆ, ಮೆಟ್ಟಿಲು ಹತ್ತಿ ಇಳೀತಿರ್ತೀವಿ, ಎಲ್ಲ ಸರಿಹೋಯ್ತು ಅನ್ಸತ್ತೆ. ಒಳಗಿನ ಕೆಲಸ ಮಾತ್ರ ವರ್ಷ ದಾಟಿದ್ರೂ ನಡೀತಾನೇ ಇರತ್ತೆ. ಅದು ನೋವು ಕೊಟ್ಟು ಹೇಳಲ್ಲ ನಿಂಗೆ.

2016ರಲ್ಲಿ ನಾರ್ವೆಯ ಸಂಶೋಧಕರು ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬರೆದಿದಾರೆ, ಈ ಆಪರೇಷನ್ ಆದ 106 ಜನರನ್ನ ಎರಡು ವರ್ಷ ಗಮನಿಸಿದ್ದು. ಒಂಬತ್ತು ತಿಂಗಳ ತನಕ ಆಟಕ್ಕೆ ಮರಳೋದನ್ನ ಒಂದೊಂದು ತಿಂಗಳು ಮುಂದಕ್ಕೆ ಹಾಕಿದ ಹಾಗೂ ಮೊಣಕಾಲಿಗೆ ಮತ್ತೆ ಪೆಟ್ಟಾಗೋ ಪ್ರಮಾಣ ಸುಮಾರು 51 ಪರ್ಸೆಂಟ್ ಕಮ್ಮಿ ಆಗ್ತಾ ಬಂತು. ಒಂದೊಂದು ತಿಂಗಳಿಗೂ ಅಷ್ಟು! ಇನ್ನೊಂದು, ತೊಡೆಯ ಶಕ್ತಿ, ಒಂಟಿಕಾಲಲ್ಲಿ ಹಾರೋದು ಮುಂತಾದ ಟೆಸ್ಟ್ ಪಾಸಾಗ್ದೆ ಆಟಕ್ಕೆ ಇಳಿದವರಲ್ಲಿ 38 ಪರ್ಸೆಂಟ್ ಜನಕ್ಕೆ ಮತ್ತೆ ಪೆಟ್ಟಾಯ್ತು, ಎಲ್ಲ ಟೆಸ್ಟ್ ಪಾಸಾದವರಲ್ಲಿ 6 ಪರ್ಸೆಂಟ್‌ಗಿಂತ ಕಮ್ಮಿ. 106 ಜನ ಅಂದ್ರೆ ದೊಡ್ಡ ಸಂಖ್ಯೆ ಏನಲ್ಲ, ಒಪ್ತೀನಿ, ಆದ್ರೂ ಇದನ್ನ ಓದಿದ್ಮೇಲೆ ಮುಂದಿನ ತಿಂಗಳು ಆಡು ಹೋಗು ಅಂತ ಯಾವ ಬಾಯಲ್ಲಿ ಹೇಳ್ಲಿ? ನೀನು ಆಡೋದು ಬ್ಯಾಸ್ಕೆಟ್‌ಬಾಲ್, ಹಾರೋದು, ಒಂದೇ ಕಾಲಲ್ಲಿ ಇಳಿಯೋದು, ಇಳಿದ ತಕ್ಷಣ ತಿರುಗೋದು, ಈ ಲಿಗಮೆಂಟಿಗೆ ಆಗದೇ ಇರೋದೆಲ್ಲ ಅದರಲ್ಲೇ ಇದೆ. ಅದೂ ಅಲ್ದೆ ಎರಡನೇ ಸಲ ಹರಿಯೋದು ಅದೇ ಕಾಲಲ್ಲೇ ಆಗ್ಬೇಕು ಅಂತೇನಿಲ್ಲ, ಎಷ್ಟೋ ಜನಕ್ಕೆ ಚೆನ್ನಾಗಿರೋ ಕಾಲಲ್ಲೇ ಆಗಿದೆ.

ಹಾಗಂತ ಮಲಗಿರು ಅಂತ ನಾನು ಹೇಳ್ತಿಲ್ಲ. ರೆಸ್ಟ್ ಜಾಸ್ತಿ ಆದ್ರೂ ಕೆಡತ್ತೆ ಅಂತ ನೀನು ಯಾವಾಗ್ಲೂ ಹೇಳ್ತೀಯಲ್ಲ, ಅದು ಖಂಡಿತ ನಿಜ. ರೆಸ್ಟ್ ಮಾಡು, ಐಸ್ ಇಡು, ಪಟ್ಟಿ ಕಟ್ಟು, ಕಾಲು ಎತ್ತಿಡು ಅನ್ನೋ ರೈಸ್ ಸೂತ್ರವನ್ನ 1978ರಲ್ಲಿ ಕೊಟ್ಟ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ 2014ರಲ್ಲಿ ಐಸೂ ಪೂರ್ತಿ ರೆಸ್ಟೂ ವಾಸಿಯಾಗೋದನ್ನ ನಿಧಾನ ಮಾಡಬಹುದು ಅಂತ ಬರೆದ್ರು. ಮೂಳೆಯಾಗ್ಲಿ, ಸ್ನಾಯುವಾಗ್ಲಿ, ಟೆಂಡನ್ ಆಗ್ಲಿ, ಭಾರ ಬಿದ್ರೇನೇ ಗಟ್ಟಿ ಆಗೋದು. ಆದ್ರೆ ಎಷ್ಟು ಭಾರ, ಯಾವಾಗ ಅನ್ನೋದನ್ನ ಮೊಣಕಾಲು ಹೇಳ್ಬೇಕು, ಟೂರ್ನಮೆಂಟ್ ಡೇಟ್ ಅಲ್ಲ. ಪ್ರಾಕ್ಟೀಸ್ ಮಾಡಿದ ಮಾರನೇ ಬೆಳಿಗ್ಗೆ ಚಿಪ್ಪಿನ ಒಳಪಕ್ಕ ಕೆಳಗಿಂದ ಮೇಲಕ್ಕೆ ಬೆರಳಲ್ಲಿ ಸವರು, ಆಮೇಲೆ ಹೊರಪಕ್ಕ ಮೇಲಿಂದ ಕೆಳಕ್ಕೆ, ಒಳಪಕ್ಕ ನೀರು ಮತ್ತೆ ಉಬ್ಬಿ ಬಂದ್ರೆ ಹಿಂದಿನ ದಿನ ಅತಿ ಆಗಿದೆ ಅಂತ ಅರ್ಥ, ಅವತ್ತು ಕಮ್ಮಿ ಮಾಡು. ಪೇನ್‌ಕಿಲ್ಲರ್ ನುಂಗಿ ಪ್ರಾಕ್ಟೀಸಿಗೆ ಮಾತ್ರ ಹೋಗ್ಬೇಡ, ಕೈ ಮುಗೀತೀನಿ. ಹಾರಿ ಇಳಿಯುವಾಗ ಮೊಣಕಾಲು ಒಳಗೆ ವಾಲ್ತಿದ್ಯಾ ಅಂತ ಯಾರ ಹತ್ರಾನಾದ್ರೂ ಎದುರಿಂದ ವಿಡಿಯೋ ಮಾಡಿಸ್ಕೊಂಡು ನೋಡು, ಈ ಲಿಗಮೆಂಟ್ ಹರಿಯೋದು ಹುಡುಗರಿಗಿಂತ ಹೆಣ್ಮಕ್ಕಳಲ್ಲೇ ಜಾಸ್ತಿ, ಆ ಅಭ್ಯಾಸ ತಿದ್ಕೋಬಹುದು. ನಿದ್ದೆ ಕೆಡಬೇಡ. ಹೊಟ್ಟೆ ತುಂಬ ತಿನ್ನು, ತೂಕ ಜಾಸ್ತಿ ಆಗತ್ತೆ ಅಂತ ಊಟ ಬಿಟ್ರೆ ಸ್ನಾಯು ಎಲ್ಲಿಂದ ಬೆಳೀಬೇಕು?

ಲೆಕ್ಚರ್ ಆಯ್ತು, ಗೊತ್ತು. ಇನ್ನೊಂದು ಹೇಳ್ಬೇಕು, ಇದನ್ನ ಫೋನಲ್ಲಿ ಯಾವತ್ತೂ ಹೇಳಿಲ್ಲ. ಆ ಅಲ್ಲಾಡದ ತೊಡೆಯನ್ನ ನೀನು ಹೇಗೆ ಎಬ್ಬಿಸಿದೆ ಅಂತ ನಾನು ನೋಡಿದೀನಿ. ಕೈಯಿಂದ ಒತ್ತಿ ಹಿಡ್ಕೊಂಡು, ಹತ್ತು ಎಣಿಸಿ, ಬಿಟ್ಟು, ಮತ್ತೆ ಹತ್ತು, ಯಾರೂ ಚಪ್ಪಾಳೆ ತಟ್ಟದ ಕೆಲಸ ಅದು, ಒಂದು ದಿನ ತಪ್ಪಿಸ್ಲಿಲ್ಲ. ನೀನು ಗೆದ್ದ ಯಾವ ಮೆಡಲ್ಲೂ ನಂಗೆ ಅಷ್ಟು ಹೆಮ್ಮೆ ತಂದಿಲ್ಲ. ಅಷ್ಟು ಸಹನೆ ಇರೋಳಿಗೆ ಇನ್ನು ಮೂರ್ನಾಲ್ಕು ತಿಂಗಳು ಯಾವ ಲೆಕ್ಕ? ಕೋಚ್ ಬೇರೆಯವರನ್ನ ಹಾಕ್ಕೊಳ್ತಾರೆ ಅಂತ ಒಳಗೊಳಗೇ ಕುದೀತಿದೀಯ, ಅದೂ ಅರ್ಥ ಆಗತ್ತೆ. ಹಾಕ್ಕೊಳ್ಳಬಹುದು. ಅದಕ್ಕೆ ನನ್ನ ಹತ್ರ ಸಮಾಧಾನದ ಮಾತಿಲ್ಲ.

ಈಗ ಕೆಲಸದ ಮಾತು. ಕೋಚಿಗೆ ಈ ಸಲ ಇಲ್ಲ ಅಂತ ನೀನೇ ಹೇಳು, ನಾನು ಫೋನ್ ಮಾಡಲ್ಲ, ನಿಂಗೆ ಮುಜುಗರ ಆಗತ್ತೆ. ಒಂಬತ್ತು ತಿಂಗಳು ತುಂಬಿದ್ಮೇಲೆ ಸರ್ಜನ್‌ಗೆ ತೋರಿಸಿ, ಫಿಸಿಯೋ ಹತ್ರ ಕ್ವಾಡ್ರಿಸೆಪ್ಸ್ ಶಕ್ತಿ ಅಳೆಸು, ಒಂಟಿಕಾಲಲ್ಲಿ ಹಾರೋ ಟೆಸ್ಟ್‌ಗಳನ್ನೂ ಮಾಡಿಸು, ಬಲಗಾಲು ಎಡಗಾಲಿನ 90 ಪರ್ಸೆಂಟ್ ಆದ್ರೂ ಬರ್ಬೇಕು, ಒಂದರಲ್ಲಿ ಅಲ್ಲ, ಎಲ್ಲದರಲ್ಲೂ. ರಿಪೋರ್ಟ್ ಫೋಟೋ ತೆಗೆದು ಕಳಿಸು. ಅಷ್ಟು ಬಂತು ಅಂದ್ರೆ ನಾನೇ ಮುಂದೆ ಕೂತು ಮ್ಯಾಚ್ ನೋಡ್ತೀನಿ, ಬೇಡ ಅಂತ ಒಂದು ಮಾತೂ ಆಡಲ್ಲ. ಬರದಿದ್ರೆ ಇನ್ನೊಂದು ತಿಂಗಳು ಬಿಟ್ಟು ಮತ್ತೆ ಟೆಸ್ಟ್.

ಕೋಪ ಇಳಿದಿದ್ರೆ ಇವತ್ತು ರಾತ್ರಿ ಫೋನ್ ಮಾಡು. ಇಳಿದಿಲ್ಲ ಅಂದ್ರೆ ಮೆಸೇಜ್ ಆದ್ರೂ ಹಾಕು, ಕೋಚ್‌ಗೆ ಏನು ಹೇಳ್ದೆ ಅಂತ.

ಅಮ್ಮ