ಲೂಸಿ ಹೆಸರಿನ ಬೋರ್ಡು ಮತ್ತು ಧಾರವಾಡದ ಹುಡುಗ

ಸಂಪಾದಕರಿಗೆ ನಮಸ್ಕಾರ,

ನನ್ನ ತಂಗಿ ಮಗಳು ಅಮೆರಿಕದ ಅಲಬಾಮಾ ಯೂನಿವರ್ಸಿಟೀಲಿ ಓದ್ತಿದಾಳೆ, ಹೋದ ವಾರ ವಾಟ್ಸಾಪಲ್ಲಿ ಒಂದು ಕಟ್ಟಡದ ಫೋಟೋ ಕಳಿಸಿ 'ಮಾಮ, ಇದು ಯಾರ ಹೆಸರು ಹೇಳಿ ನೋಡೋಣ' ಅಂದ್ಲು. ಆಥರಿನ್ ಲೂಸಿ ಹಾಲ್. ನಂಗೆ ಗೊತ್ತಾಗ್ಲಿಲ್ಲ. ಮೂವತ್ತು ವರ್ಷ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದ ಮೇಷ್ಟ್ರು ನಾನು, ಲಿಂಕನ್ನು, ಮಾರ್ಟಿನ್ ಲೂಥರ್ ಕಿಂಗು, ಅಲ್ಲಿಗೆ ಮುಗೀತು ನಮ್ಮ ಅಮೆರಿಕ. ನಾಚಿಕೆ ಆಗಿ ಕೂತು ಓದ್ದೆ.

1952ರಲ್ಲಿ ಲೂಸಿ ಮತ್ತೆ ಅವರ ಗೆಳತಿ ಪಾಲಿ ಆನ್ ಮೈಯರ್ಸ್, ಆಗ ಬಿಳಿಯರಿಗೆ ಮಾತ್ರ ಇದ್ದ ಆ ಯೂನಿವರ್ಸಿಟಿಗೆ ಅರ್ಜಿ ಹಾಕ್ತಾರೆ, ಸೀಟೂ ಸಿಗತ್ತೆ, ಕರಿಯರು ಅಂತ ಗೊತ್ತಾಗಿದ್ದೇ ತಡ ಸೀಟು ವಾಪಸ್. ಆಮೇಲೆ ವರ್ಷಗಟ್ಟಲೆ ಕೋರ್ಟು. 1956ರ ಫೆಬ್ರವರಿ 3ಕ್ಕೆ ಲೂಸಿ ಒಬ್ರೇ ಕ್ಲಾಸಿಗೆ ಹೋದ್ರು, ಗೆಳತೀನ ಏನೋ ನಡತೆಯ ನೆಪ ಹೇಳಿ ಹೊರಗೇ ಇಟ್ಟಿದ್ರು, ಲೂಸಿಗೂ ಹಾಸ್ಟೆಲ್ ಇಲ್ಲ ಮೆಸ್ ಇಲ್ಲ, ಬರೀ ಕ್ಲಾಸು. ಅದೂ ಮೂರೇ ದಿನ! ಸೋಮವಾರ ಸಾವಿರಾರು ಜನ ಸೇರಿ ಕಲ್ಲು, ಮೊಟ್ಟೆ ತೂರಿ ಅಟ್ಟಾಡಿಸಿ ಕೊನೆಗೆ ಪೊಲೀಸ್ ಕಾರಲ್ಲಿ ಬಚ್ಚಿಟ್ಕೊಂಡು ಪಾರಾಗಬೇಕಾಯ್ತು. ಅವತ್ತು ರಾತ್ರಿ ಆಡಳಿತ ಮಂಡಳಿ ಸಸ್ಪೆಂಡ್ ಮಾಡಿದ್ದು ಯಾರನ್ನ? ಲೂಸೀನೇ, 'ಆಕೆಯ ಸುರಕ್ಷತೆಗೆ' ಅಂತೆ. ವಾಪಸ್ ಸೇರಿಸ್ಕೊಳ್ಳಿ ಅಂತ ಕೋರ್ಟ್ ಹೇಳಿದ್ರೆ, ನಮ್ಮ ಮೇಲೆ ಸುಳ್ಳು ಆರೋಪ ಮಾಡಿದಾಳೆ ಅಂತ ಡಿಸ್ಮಿಸ್ಸೇ ಮಾಡಿಬಿಟ್ರು.

ಆ ಡಿಸ್ಮಿಸ್ ರದ್ದಾಗಿದ್ದು 1988ಕ್ಕೆ. ಈಯಮ್ಮ ಮತ್ತೆ ಹೋಗಿ ಸೇರಿ 1992ರಲ್ಲಿ ಎಂ.ಎ. ಮುಗಿಸಿದ್ರು, ಅದೇ ವರ್ಷ ಅಲ್ಲೇ ಅವರ ಮಗಳದ್ದೂ ಡಿಗ್ರಿ. ಇದನ್ನ ಓದಿ ನಮ್ಮ ಮನೆಯವಳು ಸುಮಾರು ಹೊತ್ತು ಮಾತಾಡ್ಲಿಲ್ಲ.

ಈಗ ಆ ಬೋರ್ಡಿನ ವಿಷಯಕ್ಕೆ ಬರ್ತೀನಿ. ಆ ಕಟ್ಟಡಕ್ಕೆ ಮೊದಲಿದ್ದ ಹೆಸರು ಬಿಬ್ ಗ್ರೇವ್ಸ್ ಅನ್ನೋ ಹಳೇ ಗವರ್ನರ್ದು, ಕರಿಯರ ಮೇಲೆ ದಾಳಿ ಮಾಡ್ತಿದ್ದ ಬಿಳಿಯರ ಗುಂಪು ಕು ಕ್ಲುಕ್ಸ್ ಕ್ಲಾನಲ್ಲಿ ನಾಯಕನಾಗಿದ್ದವನು. 2022ರ ಫೆಬ್ರವರೀಲಿ ಟ್ರಸ್ಟಿಗಳು ಏನ್ ಮಾಡಿದ್ರು ಗೊತ್ತಾ, ಇಬ್ರಿಗೂ ಬೇಜಾರಾಗದ ಹಾಗೆ 'ಲೂಸಿ-ಗ್ರೇವ್ಸ್ ಹಾಲ್' ಅಂತ ಮಾಡಿದ್ರು, ಮಧ್ಯ ಒಂದು ಅಡ್ಡಗೆರೆ ಎಳೆದು! ಹೊಡೆಸಿಕೊಂಡವರ ಪಕ್ಕದಲ್ಲೇ ಹೊಡೆಯೋರ ಗುಂಪಿನವನಿಗೆ ಕುರ್ಚಿ ಹಾಕಿದ ಹಾಗಾಯ್ತು. ವಿದ್ಯಾರ್ಥಿಗಳು, ಪತ್ರಿಕೆಯವರು ಬೈದ ಮೇಲೆ ಒಂದೇ ವಾರದಲ್ಲಿ ಗ್ರೇವ್ಸ್ ಹೆಸರು ಕಿತ್ತರು. ಫೆಬ್ರವರಿ 25ಕ್ಕೆ ಉದ್ಘಾಟನೆ, ಲೂಸಿ ತಾವೇ ಬಂದಿದ್ರು. ಮಾರ್ಚ್ 2ಕ್ಕೆ ತೀರಿಕೊಂಡ್ರು, 92 ವರ್ಷ. ಇನ್ನೊಂದು ವಾರ ತಡ ಆಗಿದ್ರೆ ಫೋಟೋಗೆ ಹಾರ ಹಾಕಿ ಮುಗಿಸ್ತಿದ್ರು, ನಮ್ಮಲ್ಲಿ ಮಾಡ್ತೀವಲ್ಲ ಹಾಗೆ.

ನಮ್ಮಲ್ಲಿ ಅಂದಾಗ ನೆನಪಾಯ್ತು. ಲೂಸಿಗಿಂತ ಸರಿಯಾಗಿ ನೂರು ವರ್ಷ ಮುಂಚೆ, 1856ರಲ್ಲಿ, ಧಾರವಾಡದ ಸರ್ಕಾರಿ ಶಾಲೇಲಿ ಸೇರಿಸ್ಕೊಳ್ಲಿಲ್ಲ ಅಂತ ಒಬ್ಬ ಮಹಾರ್ ಜಾತಿಯ ದಲಿತ ಹುಡುಗ ಬಾಂಬೆ ಸರ್ಕಾರಕ್ಕೇ ಅರ್ಜಿ ಹಾಕಿದ್ದ. ನ್ಯಾಯ ನಿನ್ನ ಕಡೆನೇ ಇದೆ, ಆದ್ರೆ ಒಬ್ಬನಿಗೋಸ್ಕರ ಎಷ್ಟೋ ಕಾಲದ ನಂಬಿಕೆಗೆ ಕೈ ಹಾಕಕ್ಕಾಗಲ್ಲ ಅನ್ನೋ ಅರ್ಥದ ಉತ್ತರ ಬಂತು. ಅಂಬೇಡ್ಕರ್ ಅವರು 1928ರಲ್ಲಿ ಬ್ರಿಟಿಷ್ ಸರ್ಕಾರದ ಸೈಮನ್ ಕಮಿಷನ್‌ಗೆ ಕೊಟ್ಟ ಹೇಳಿಕೇಲಿ ಇದನ್ನ ಎತ್ತಿ ತೋರಿಸಿದಾರೆ. ಟ್ರೈನಿಂಗು, ವ್ಯಾಲ್ಯುಯೇಷನ್ ಅಂತ ನಾನು ಧಾರವಾಡಕ್ಕೆ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಆ ಹುಡುಗನ ನೆನಪಿಗೆ ಅಂತ ಒಂದು ಕಲ್ಲೂ ಕಣ್ಣಿಗೆ ಬಿದ್ದಿಲ್ಲ.

ಹಳೇ ಕಾಲೇಜುಗಳವರು ಸುವರ್ಣ ಮಹೋತ್ಸವ ಮಾಡಿ ಸ್ಮರಣ ಸಂಚಿಕೇಲಿ ದಾನಿಗಳ ಫೋಟೋ ಹಾಕೋದು ಸರಿ, ಜೊತೆಗೆ ಒಂದ್ಸಲ ಅಡ್ಮಿಷನ್ ರಿಜಿಸ್ಟರ್ ತೆಗೆದು ಮೊದಲು ಸೇರಿದ ದಲಿತ ಹುಡುಗ ಹುಡುಗೀರು ಯಾರು ಅಂತ ನೋಡಿ. ಐವತ್ತು ಅರವತ್ತರ ದಶಕದಲ್ಲಿ ಸೇರಿದೋರಿಗೆ ಈಗ ಎಂಬತ್ತರ ಆಸುಪಾಸು, ಇಲ್ಲ ಅದಕ್ಕೂ ಮೇಲೆ ಆಗಿರತ್ತೆ, ಬೇಗ ಹುಡುಕಿ. ಬೋರ್ಡಲ್ಲಿ 'ಮೊದಲಿಗರು' ಅಂತ ಮಾತ್ರ ಬರೀಬೇಡಿ, ಅವರನ್ನ ಕ್ಲಾಸಲ್ಲಿ ಎಲ್ಲಿ ಕೂರಿಸಿದ್ರು, ನೀರು ಎಲ್ಲಿ ಕೊಟ್ರು ಅಂತ ಅವರನ್ನೇ ಕೇಳಿ ಅದನ್ನೂ ಬರೀರಿ. ಧಾರವಾಡದವನ ಹೆಸರು ಸಿಗದಿದ್ರೆ '1856ರಲ್ಲಿ ಇಲ್ಲಿ ಸೀಟು ಕೇಳಿದ ಹುಡುಗ' ಅಂತಾದ್ರೂ ಹಾಕಿ.

ಇತಿ,
ನಿವೃತ್ತ ಶಿಕ್ಷಕ, ದಾವಣಗೆರೆ