ನರ್ಸಮ್ಮನಿಗೆ, ಮತ್ತೆ ಉಳಿದ ಎಲ್ಲರಿಗೂ

ಅಕ್ಟೋಬರ್ ತಿಂಗಳ ಜಪಮಾಲೆ ಪ್ರಾರ್ಥನೆ ಮುಗಿಯಿತು, ನವೆಂಬರ್ 2ರ ಮೃತರ ಸ್ಮರಣೆಯೂ ಮುಗಿಯಿತು. ಯಜಮಾನರು ಮನೆಗೆ ಬಂದಿದ್ದಾರೆ. ಗಂಜಿ ಬಿಟ್ಟು ಅನ್ನ ಸಾರಿಗೆ ಬಂದಿದ್ದಾರೆ. ಆಸ್ಪತ್ರೆಯ ವಿಷಯ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಇದು ಇಬ್ಬರೂ ಸೇರಿ ಹೇಳುತ್ತಿರುವ ಧನ್ಯವಾದ, ಟೈಪ್ ಮಾಡುತ್ತಿರುವುದು ಮಾತ್ರ ನಾನು.

ಚಿಕ್ಕಮಗಳೂರಿನ ನಮ್ಮ ಧರ್ಮಕೇಂದ್ರದ ಫಾದರ್, ಆಸ್ಪತ್ರೆಗೆ ಊಟ ತಂದ ಸಿಸ್ಟರ್‌ಗಳು, ರಕ್ತ ಕೊಟ್ಟ ಹುಡುಗರು, ಸುರಿಯುವ ಮಳೆಯಲ್ಲಿ ಆಟೋ ತಂದವರು, ರಾತ್ರಿ ಬಾಗಿಲು ತೆಗೆದ ಮೆಡಿಕಲ್ ಶಾಪಿನವರು, ಎಲ್ಲರಿಗೂ ಕೈಮುಗಿಯುತ್ತೇವೆ. ಒಂದೇ ಸಾಲಿಗೆ ಸೇರಿಸಿದರೆಂದು ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗ ಹಿಂದಿನ ಮನೆಯ ನರ್ಸಮ್ಮನಿಗೆ ಬೇಕು.

ನರ್ಸಮ್ಮ ನಮ್ಮ ಚರ್ಚಿನವರಲ್ಲ. ಎಸ್ಟೇಟ್ ಲೈನ್‌ಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಲಸಿಕೆ ಡಬ್ಬಿ ಹಿಡಿದು ಓಡಾಡಿ ನಿವೃತ್ತರಾದ ಆರೋಗ್ಯ ಸಹಾಯಕಿ. ಹೆಸರು ಹಾಕಿದರೆ ಮಾತು ಬಿಡುತ್ತೇನೆ ಎಂದು ಗದರಿದ್ದಾರೆ. ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿಯೇ ಮೂರು ವರ್ಷದ ಮೊಮ್ಮಗಳಿಗೆ ವಾಂತಿ ಭೇದಿ ಹಿಡಿಯಿತು. ಮಗಳು ಅಳಿಯ ಬೆಂಗಳೂರು ಬಿಟ್ಟಿದ್ದರೂ ತಲುಪುವಾಗ ಬೆಳಗಿನ ಜಾವ. ಅಲ್ಲಿಯವರೆಗೆ ಮಗುವಿನ ಹತ್ತಿರ ಕೂತವರು ನರ್ಸಮ್ಮ. ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜ ಅಜ್ಜಿಯರು ನಮ್ಮ ನಡುವೆ ಬೇಕಾದಷ್ಟಿದ್ದೀರಿ, ಅದಕ್ಕೇ ಅವರು ಮಾಡಿದ್ದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಅವರು ಮೊದಲು ಮಾಡಿದ ಕೆಲಸ ಓಆರ್‌ಎಸ್ (ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ) ಪ್ಯಾಕೆಟ್ಟಿನ ಹಿಂಬದಿ ಓದಿದ್ದು. ದೊಡ್ಡ ಪ್ಯಾಕೆಟ್ 1 ಲೀಟರ್ ನೀರಿಗೆ, ಸಣ್ಣದು 200 ಎಂ.ಎಲ್.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ನೀರು ಹೆಚ್ಚಾದರೆ ಕುಡಿಸಿದ್ದರ ಗುಣ ಹೋಗುತ್ತದೆ. ಆದ್ದರಿಂದ ಅಂದಾಜು ಬೇಡ, ಲೀಟರ್ ಬಾಟಲಿಯಲ್ಲೇ ಅಳೆಯಿರಿ. ನೀರು ಕುದಿಸಿ ಆರಿಸಿದ್ದಿರಲಿ. ಕಲಸಿದ್ದನ್ನು 24 ಗಂಟೆ ಕಳೆದ ಮೇಲೆ ಚೆಲ್ಲಬೇಕು. ಯಾರೋ ಪ್ರೀತಿಯಿಂದ ತಂದಿಟ್ಟ ಹಣ್ಣಿನ ರಸದ ಡಬ್ಬಿಯನ್ನು ನರ್ಸಮ್ಮ ಮುಟ್ಟಲೂ ಬಿಡಲಿಲ್ಲ. ಸಕ್ಕರೆ ಹೆಚ್ಚಾದರೆ ಕರುಳಿನೊಳಕ್ಕೆ ಇನ್ನಷ್ಟು ನೀರು ಎಳೆದು ಭೇದಿ ಜೋರಾಗುತ್ತದೆ. ಭೇದಿ ನಿಲ್ಲಿಸುವ ದೊಡ್ಡವರ ಮಾತ್ರೆಯಂತೂ ಮಕ್ಕಳ ಬಾಯಿಗೆ ಹೋಗಲೇಬಾರದು.

ಕಲಸುವುದಕ್ಕಿಂತ ಕುಡಿಸುವುದು ಕಷ್ಟ. ಬಾಯಾರಿದ ಮಗು ಲೋಟ ಕಸಿದು ಗಟಗಟ ಕುಡಿಯುತ್ತದೆ, ಮರುಕ್ಷಣ ಎಲ್ಲ ಹೊರಗೆ. ಒಂದೆರಡು ನಿಮಿಷಕ್ಕೆ ಒಂದು ಚಮಚವಷ್ಟೇ ಕೊಡಬೇಕು. ವಾಂತಿಯಾದರೆ 10 ನಿಮಿಷ ಸುಮ್ಮನಿದ್ದು, ಮತ್ತೆ ಇನ್ನೂ ನಿಧಾನವಾಗಿ ಶುರು ಮಾಡಬೇಕು. ಅಡುಗೆಮನೆಯ ಚಮಚಗಳು ಒಂದೊಂದೂ ಒಂದೊಂದು ಗಾತ್ರ, ಹಾಗಾಗಿ ಸಿರಪ್ ಬಾಟಲಿಯ ಜೊತೆ ಬರುವ 5 ಎಂ.ಎಲ್. ಅಳತೆಯದ್ದೇ ಒಳ್ಳೆಯದು. ಎರಡು ವರ್ಷ ದಾಟಿದ ಮಗುವಿಗೆ ಪ್ರತಿ ಸಲ ನೀರು ಭೇದಿಯಾದ ಮೇಲೂ 100ರಿಂದ 200 ಎಂ.ಎಲ್. ಹೋಗಬೇಕು. ಅಂದರೆ 20ರಿಂದ 40 ಚಮಚ.

ನಡುರಾತ್ರಿ ಈ ಲೆಕ್ಕ ಯಾರಿಗೆ ನೆನಪಿರುತ್ತದೆ? ನರ್ಸಮ್ಮ ದೇವರ ಫೋಟೋ ಮುಂದಿದ್ದ ಮರದ ಜಪಮಾಲೆ ತೆಗೆದುಕೊಂಡರು. ಚಮಚಕ್ಕೊಂದು ಮಣಿ. ಹತ್ತು ಮಣಿ ಸರಿದರೆ 50 ಎಂ.ಎಲ್., ಇಪ್ಪತ್ತಾದರೆ 100. ಹತ್ತು ಹತ್ತರ ನಡುವಿನ ಬಿಡಿ ಮಣಿ ಸಿಕ್ಕಾಗ ಚಮಚ ಕೆಳಗಿಟ್ಟು ಮಗುವನ್ನು ನೋಡುವುದು: ನಾಲಿಗೆ ಒಣಗಿದೆಯೇ, ಕಣ್ಣು ಗುಳಿ ಬಿದ್ದಿದೆಯೇ, ಹೊಟ್ಟೆಯ ಚರ್ಮ ಮೆಲ್ಲಗೆ ಚಿವುಟಿ ಬಿಟ್ಟರೆ ತಕ್ಷಣ ಸಮವಾಗುತ್ತದೆಯೇ. ಮಡಿಕೆ ನಿಧಾನಕ್ಕೆ ಇಳಿದರೆ, ಅಳುವಾಗ ಕಣ್ಣೀರು ಬರದಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮಗು ಮಂಪರಾದರೆ ಮನೆಮದ್ದಿನ ಮಾತೇ ಇಲ್ಲ, ನೇರ ಆಸ್ಪತ್ರೆ. ಆಟೋದವರನ್ನು ಅದಕ್ಕೇ ಮೊದಲೇ ಎಬ್ಬಿಸಿ ಹೇಳಿಟ್ಟಿದ್ದರು. ಮಣಿ ಸರಿದ ಮೇಲೆ ‘ನಮೋ ಮರಿಯಾ’ ಪ್ರಾರ್ಥನೆ ಹೇಳಲೇಬೇಕೆಂದು ಮಗು ಹಠ ಹಿಡಿದು ನರ್ಸಮ್ಮನ ಬಾಯಲ್ಲೂ ಹೇಳಿಸಿತಂತೆ. ತಿಂಗಳಿಡೀ ಅಭ್ಯಾಸವಾಗಿತ್ತಲ್ಲ.

ಇತ್ತ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಬಾಯಿಗೆ ಒಂದು ಪ್ರಾರ್ಥನೆಯೂ ಬರಲಿಲ್ಲ. ಇಷ್ಟು ವರ್ಷ ನಿನ್ನ ಬಲಿಪೀಠದ ಬಟ್ಟೆ ಒಗೆದದ್ದಕ್ಕೆ ಇದೇನಾ ಎಂದು ದೇವರ ಮೇಲೆ ಸಿಟ್ಟು ಉಕ್ಕಿತು. ಒಳಗೆ ಇವರು, ಮನೆಯಲ್ಲಿ ಅವಳು. ಯಾರ ಹತ್ತಿರ ಇರಬೇಕಿತ್ತು ಎಂಬುದಕ್ಕೆ ಈಗಲೂ ಉತ್ತರ ಸಿಕ್ಕಿಲ್ಲ. ಫೋನಿಗೆ ನರ್ಸಮ್ಮನ ಮೆಸೇಜ್ ಬರುತ್ತಿತ್ತು: ‘ನೂರು ಹೋಯಿತು. ಉಚ್ಚೆ ಆಯಿತು. ನೀವು ಅಲ್ಲೇ ಇರಿ.’ ಧೈರ್ಯ ತಂದುಕೊಳ್ಳಿ, ದೇವರಿದ್ದಾನೆ ಎಂಬ ಮಾತು ಒಂದರಲ್ಲೂ ಇರಲಿಲ್ಲ. ಇದ್ದಿದ್ದರೆ ಫೋನ್ ಎಸೆಯುತ್ತಿದ್ದೆನೋ ಏನೋ.

ಆಮೇಲೂ ಬಿಡಲಿಲ್ಲ. ಡಾಕ್ಟರು ಬರೆದ ಜಿಂಕ್ ಮಾತ್ರೆ, ದಿನಕ್ಕೆ 20 ಮಿ.ಗ್ರಾಂ., 14 ದಿನವೂ ಹೋಗಬೇಕು. ಭೇದಿ ನಿಂತ ಮೂರನೇ ದಿನಕ್ಕೇ ಬಿಡುವುದು ಎಲ್ಲರ ಮನೆಯ ರೂಢಿ. ನರ್ಸಮ್ಮ ದಿನಾ ಸಂಜೆ ಬಂದು ಖಾಲಿ ಸ್ಟ್ರಿಪ್ ನೋಡಿ ಹೋಗುತ್ತಿದ್ದರು. ಹೊಟ್ಟೆಗೆ ರೆಸ್ಟ್ ಎಂದು ಉಪವಾಸ ಕೆಡವಲೂ ಬಿಡಲಿಲ್ಲ. ಮೆತ್ತಗಿನ ಮೊಸರನ್ನ, ಬಾಳೆಹಣ್ಣು, ಗಂಜಿ, ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ.

ಚರ್ಚಿನ ಕೆಲಸ ಹೊತ್ತವರನ್ನು ಮರೆತಿಲ್ಲ. ಸ್ಮಶಾನದಲ್ಲಿ ಮಳೆಗಾಲದ ಕಳೆ ಸವರಿ, ಹಳೇ ಗೋರಿಗಳಿಗೆ ಸಿಮೆಂಟ್ ಪೇಂಟ್ ಬೇಡವೆಂದು ಪಾಚಿ ಕೆರೆದು ಸುಣ್ಣವನ್ನೇ ಬಳಿದಿರಿ. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತದ ಪ್ರದೇಶ) ಆಗುವುದಕ್ಕೂ ಮುಂಚಿನ ಗಾರೆ ಅದು, ಪೇಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಚಕ್ಕೆ ಏಳುತ್ತದೆ. ಧೂಪದ ಇದ್ದಿಲು ಥಂಡಿ ಹಿಡಿಯದಂತೆ ಡಬ್ಬಿಯಲ್ಲಿಟ್ಟ ಮಕ್ಕಳಿಗೂ ಶಾಭಾಷ್.

ಸಕ್ರಿಸ್ತಿ (ಪೂಜೆಯ ಬಟ್ಟೆ, ಸಾಮಾನು ಇಡುವ ಕೋಣೆ) ವಹಿಸಿಕೊಂಡ ದಂಪತಿಗೆ ಥ್ಯಾಂಕ್ಸ್ ಜೊತೆ ಒಂದಿಷ್ಟು ಉಪದ್ರವ. ಕಾರ್ಪೊರಲ್ (ಬಲಿಪೀಠದ ಮೇಲೆ ರೊಟ್ಟಿ, ಪಾತ್ರೆಯ ಕೆಳಗೆ ಹಾಸುವ ಬಟ್ಟೆ) ಮತ್ತು ಪ್ಯೂರಿಫಿಕೇಟರ್ (ಪಾತ್ರೆ ಒರೆಸುವ ಬಟ್ಟೆ) ಜಾಲಾಡಿದ ಮೊದಲ ನೀರು ಮಣ್ಣಿಗೇ ಹೋಗಬೇಕು, ಚರಂಡಿಗಲ್ಲ. ಕಾರ್ಪೊರಲ್‌ಗೆ ಗಂಜಿ ಹಾಕಿ, ಪ್ಯೂರಿಫಿಕೇಟರ್‌ಗೆ ಬೇಡ, ಗಂಜಿ ಕುಡಿದ ಬಟ್ಟೆ ದ್ರಾಕ್ಷಾರಸ ಹೀರುವುದಿಲ್ಲ. ಕಾರ್ಪೊರಲ್ಲನ್ನು ಒಳಮುಖವಾಗಿಯೇ ಮಡಚಿ ಒಂಬತ್ತು ಚೌಕ ಮಾಡಿ, ರೊಟ್ಟಿಯ ಕಣ ಉದುರಬಾರದು. ಮೇಣ ಬಿದ್ದರೆ ಕೆರೆದು, ಬಿಳಿ ಕಾಗದದ ನಡುವೆ ಇಟ್ಟು ಇಸ್ತ್ರಿ ಮಾಡಿ. ನ್ಯೂಸ್‌ಪೇಪರ್ ಇಟ್ಟರೆ ಶಾಯಿ ಹತ್ತುತ್ತದೆ. ಈ ಊರಿನ ಥಂಡಿಗೆ ಬಟ್ಟೆ ಪೂರ್ತಿ ಒಣಗದೆ ಬೀರುವಿಗೆ ಹೋದರೆ ವಾರದಲ್ಲಿ ಕಪ್ಪು ಚುಕ್ಕೆ ಖಂಡಿತ.

ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಮೇಣದಬತ್ತಿಗಳು, ಮೂರು ನೇರಳೆ, ಒಂದು ಗುಲಾಬಿ, ಕೆಳಗಿನ ಡ್ರಾಯರಿನಲ್ಲಿವೆ. ಗುಲಾಬಿಯದ್ದು ಮೂರನೇ ಭಾನುವಾರಕ್ಕೆ. ಡ್ರಾಯರ್ ಸಲೀಸಾಗಿ ಬರುವುದಿಲ್ಲ, ಸ್ವಲ್ಪ ಮೇಲಕ್ಕೆತ್ತಿ ಎಳೆಯಿರಿ.